ಬೆಂಗಳೂರು ಕಲಿಯಲು ಕಾಲು ಸವೆಸಿ

ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೊರಟ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಮನೆಯವರು ತಪ್ಪದೇ ಹೇಳುವ ಮಾತೊಂದಿದೆ: ‘ಸುಮ್ನೆ ಅಲ್ಲಿ ಇಲ್ಲಿ ಅಲೀಬೇಡ, ಹೋದ ಕೆಲ್ಸ ನೋಡ್ಕೊ’. ಪ್ರೀತಿಯಿಂದ ಹೇಳುವ ಮಾತೇ ಅದು. ಆದರೆ ಅದನ್ನು ಚಾಚೂತಪ್ಪದೆ ಪಾಲಿಸಿದವರನ್ನು ನಾನು ನೋಡಿದ್ದೇನೆ. ವಿಜಯನಗರದಲ್ಲಿ ಮೂರು ವರ್ಷ ಇದ್ದು ಸ್ಪರ್ಧಾತ್ಮಕ ಪರೀಕ್ಷೆಗೆ ಓದಿದವರಿಗೆ ಪಿ.ಜಿ., ಕೋಚಿಂಗ್ ಸೆಂಟರ್, ಮೆಸ್ ಬಿಟ್ಟರೆ ನಾಲ್ಕನೇ ಜಾಗ ಗೊತ್ತಿರುವುದಿಲ್ಲ. ಪರೀಕ್ಷಾ ಕೇಂದ್ರ ಬೇರೆ ಬಡಾವಣೆಯಲ್ಲಿ ಬಿದ್ದರೆ ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ. ಸಂದರ್ಶನಕ್ಕೆ ಕರೆ ಬಂದರೆ ‘ಅಲ್ಲಿಗೆ ಹೆಂಗೆ ಹೋಗೋದು’ ಎಂಬ ಪ್ರಶ್ನೆಯೇ ‘ಅಲ್ಲಿ ಏನು ಕೇಳ್ತಾರೆ’ ಎನ್ನುವುದಕ್ಕಿಂತ ದೊಡ್ಡದಾಗಿರುತ್ತದೆ.

ಹೊಸ ಊರಿಗೆ ಹೋದವರು ಮೊದಲ ತಿಂಗಳಲ್ಲೇ ಅಲೆಯಬೇಕು, ಅದೂ ಕಾಲ್ನಡಿಗೆಯಲ್ಲಿ ಎನ್ನುವುದು ನನ್ನ ವಾದ. ಇದು ಮೋಜಿನ ಮಾತಲ್ಲ. ಯಾವ ಕೆಲಸ ಒಪ್ಪಬೇಕು, ಯಾವ ಪಿ.ಜಿ.ಗೆ ಅಡ್ವಾನ್ಸ್ ಕೊಡಬೇಕು, ರಾತ್ರಿ ಎಷ್ಟು ಹೊತ್ತಿನ ತನಕ ಹೊರಗಿರಬಹುದು ಎಂಬುದನ್ನು ನಾವೇ ತೀರ್ಮಾನಿಸುವ ಧೈರ್ಯ ಬರುವುದು ಊರು ಗೊತ್ತಿದ್ದಾಗ ಮಾತ್ರ. ಊರು ಗೊತ್ತಿಲ್ಲದಿದ್ದರೆ ನಮ್ಮ ಪರವಾಗಿ ಬೇರೆಯವರೇ ತೀರ್ಮಾನಿಸುತ್ತಾರೆ.

ನಮ್ಮೂರು ಕಲಿಸಿದ್ದು

ನಂದು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಬೆಂಗಳೂರು–ಮೈಸೂರು ಹೆದ್ದಾರಿಯಿಂದ ರುದ್ರಾಕ್ಷಿಪುರದ ಹತ್ತಿರ ತಿರುಗಿ ಸುಮಾರು 12 ಕಿ.ಮೀ. ಒಳಗೆ ಬಂದರೆ ನಮ್ಮೂರು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಇಲ್ಲಿ ಊರೊಳಗೇ, ಮನೆಗಳ ನಡುವಿನ ಹುಣಸೆ, ಆಲ, ಅರಳಿ ಮರಗಳ ಮೇಲೆ ಗೂಡು ಕಟ್ಟುತ್ತವೆ. 2007ರಲ್ಲಿ ಇದನ್ನು ಸಮುದಾಯ ಸಂರಕ್ಷಿತ ಪ್ರದೇಶವೆಂದು ಸರ್ಕಾರ ಘೋಷಿಸಿತು. ಡಿಸೆಂಬರ್ ಕಳೆದ ಮೇಲೆ ಭಾನುವಾರ ಬಂತೆಂದರೆ ಬೆಂಗಳೂರು, ಮೈಸೂರಿನ ಕಾರುಗಳು ಬರಲು ಶುರು.

ಬಂದವರಲ್ಲಿ ಎರಡು ಬಗೆಯವರನ್ನು ಚಿಕ್ಕಂದಿನಿಂದ ನೋಡುತ್ತಿದ್ದೇನೆ. ಒಂದು ಬಗೆಯವರು ಮರದ ಕೆಳಗೆ ಕಾರು ನಿಲ್ಲಿಸಿ, ಮೇಲೆ ನೋಡಿ, ನಾಲ್ಕು ಫೋಟೊ ತೆಗೆದು, ಹಿಕ್ಕೆ ಮೈಮೇಲೆ ಬಿತ್ತೆಂದು ಮುಖ ಸಿಂಡರಿಸಿ ಹೊರಟುಬಿಡುತ್ತಾರೆ. ಇನ್ನೊಂದು ಬಗೆಯವರು ಊರಾಚೆಯೇ ಗಾಡಿ ಬಿಟ್ಟು ಬೀದಿ ಬೀದಿ ನಡೆಯುತ್ತಾರೆ. ಮರ ಯಾರದು ಎಂದು ಕೇಳುತ್ತಾರೆ. ಮರಗಳು ಮನೆಯವರದೇ ಎಂದು ತಿಳಿದು ಆಶ್ಚರ್ಯಪಡುತ್ತಾರೆ. ಮರದ ಬುಡದಲ್ಲಿ ಬಿದ್ದ ಹಿಕ್ಕೆ ಗೊಬ್ಬರವಾಗಿ ಹೊಲ ಸೇರುವುದನ್ನು ತಿಳಿದುಕೊಳ್ಳುತ್ತಾರೆ. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡುವ ಹೆಜ್ಜಾರ್ಲೆ ಬಳಗದವರನ್ನು ಮಾತಾಡಿಸುತ್ತಾರೆ. ಎರಡೂ ಬಗೆಯವರು ನೋಡಿದ್ದು ಒಂದೇ ಊರು, ಆದರೆ ಊರಿನ ಬಗ್ಗೆ ನಾಲ್ಕು ಮಾತು ಹೇಳಬಲ್ಲವರು ನಡೆದವರು ಮಾತ್ರ.

ಡಿಗ್ರಿ ಮುಗಿಸಿ ನಾನು ಬೆಂಗಳೂರಿಗೆ ಹೊರಟಾಗ ಈ ಎರಡನೇ ಬಗೆಯವರನ್ನೇ ನೆನಪಿಟ್ಟುಕೊಂಡೆ. ಮುಂದೆ ಬರೆದಿರುವುದೆಲ್ಲ ಹಾಗೆ ನಡೆದು ಕಂಡುಕೊಂಡದ್ದು.

ಎಲ್ಲಿಂದ, ಯಾವಾಗ?

ಮೊದಲ ನಡಿಗೆಗೆ ಭಾನುವಾರ ಬೆಳಿಗ್ಗೆ ಏಳರಿಂದ ಹತ್ತರವರೆಗಿನ ಹೊತ್ತು ಚೆಂದ. ವಾಹನ ಕಡಿಮೆ, ಬಿಸಿಲು ಏರಿರುವುದಿಲ್ಲ, ಅಂಗಡಿ ಬೋರ್ಡುಗಳನ್ನು ನಿಂತು ಓದಬಹುದು. ಅಂದು ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ. ಸಂದರ್ಶನಕ್ಕೆ ಹೋಗುವ ದಿನವೇ ಊರು ನೋಡುತ್ತೇನೆ ಎಂದರೆ ಎರಡೂ ಕೆಡುತ್ತವೆ.

ಶುರು ಮಾಡುವ ಜಾಗ ಯಾವುದೇ ಇರಲಿ, ವಾಪಸ್ ಬರುವ ಬಸ್ ಅಥವಾ ಮೆಟ್ರೊ ಎಲ್ಲಿ ಸಿಗುತ್ತದೆ ಎಂಬುದನ್ನು ಮೊದಲು ನೋಡಿಕೊಳ್ಳಿ. ಮೆಜೆಸ್ಟಿಕ್, ಕೆ.ಆರ್. ಮಾರ್ಕೆಟ್, ಶಿವಾಜಿನಗರ ಈ ಮೂರರ ಪೈಕಿ ಒಂದಕ್ಕೆ ಬಂದು ಸೇರಿದರೆ ನಗರದ ಬಹುಪಾಲು ಕಡೆಗೆ ಬಸ್ ಸಿಗುತ್ತದೆ. ಹಾಗಾಗಿ ದಾರಿ ತಪ್ಪಿದಾಗ ‘ಮೆಜೆಸ್ಟಿಕ್‌ಗೆ ಬಸ್ ಎಲ್ಲಿ ನಿಲ್ಲುತ್ತೆ’ ಎಂದು ಕೇಳಿದರೆ ಸಾಕು. ದಿಕ್ಕು ಹಿಡಿಯಲು ಮೆಟ್ರೊವನ್ನು ಬಳಸಿಕೊಳ್ಳಿ. ನೇರಳೆ ಮಾರ್ಗ ಪೂರ್ವ–ಪಶ್ಚಿಮವಾಗಿ, ಹಸಿರು ಮಾರ್ಗ ಉತ್ತರ–ದಕ್ಷಿಣವಾಗಿ ಹೋಗುತ್ತವೆ. ಎರಡೂ ಸೇರುವುದು ಮೆಜೆಸ್ಟಿಕ್‌ನಲ್ಲಿ. ಈ ಎರಡು ಗೆರೆಗಳನ್ನು ಹಾಳೆ ಮೇಲೆ ಬರೆದುಕೊಂಡು, ನೋಡಿದ ಬಡಾವಣೆಗಳನ್ನು ಒಂದೊಂದಾಗಿ ಅದರಲ್ಲಿ ಗುರುತು ಮಾಡುತ್ತ ಹೋಗಿ. ಎರಡು ತಿಂಗಳಲ್ಲಿ ನಿಮ್ಮದೇ ನಕ್ಷೆ ತಯಾರಾಗುತ್ತದೆ.

ಹುಡುಗಿಯರಿಗೆ ಒಂದು ಅನುಕೂಲವಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಬಸ್‌ಗಳಲ್ಲಿ ನಮಗೆ ಟಿಕೆಟ್ ಹಣವಿಲ್ಲ. ಎಲ್ಲಿ ಬೇಕಾದರೂ ಇಳಿದು, ನಾಲ್ಕು ಸ್ಟಾಪ್ ನಡೆದು, ಸಾಕಾದರೆ ಮತ್ತೆ ಹತ್ತಬಹುದು. ಆಧಾರ್ ಅಥವಾ ವಿಳಾಸವಿರುವ ಗುರುತಿನ ಚೀಟಿ ಜೊತೆಗಿರಲಿ.

ವಿಳಾಸ ಓದುವುದನ್ನು ಕಲಿಯಿರಿ

ನಮ್ಮೂರಲ್ಲಿ ದಾರಿ ಹೇಳುವುದು ಮರದ ಲೆಕ್ಕದಲ್ಲಿ. ದೊಡ್ಡ ಹುಣಸೆಮರ ದಾಟಿ ಎಡಕ್ಕೆ ಎಂದರೆ ಮುಗಿಯಿತು. ಬೆಂಗಳೂರಿನ ವಿಳಾಸದಲ್ಲಿ ಅಂಕಿಗಳೇ ಹೆಚ್ಚು. ಅವನ್ನು ಒಮ್ಮೆ ಅರ್ಥ ಮಾಡಿಕೊಂಡರೆ ಹೆದರಿಕೆ ಇರುವುದಿಲ್ಲ.

ಯೋಜನೆ ಹಾಕಿ ಕಟ್ಟಿದ ಬಡಾವಣೆಗಳಲ್ಲಿ ಸಾಮಾನ್ಯವಾಗಿ ಮೇನ್ ರಸ್ತೆಗಳು ಒಂದು ದಿಕ್ಕಿಗೆ ಸಾಲಾಗಿ ಇರುತ್ತವೆ, ಕ್ರಾಸ್‌ಗಳು ಅವನ್ನು ಅಡ್ಡ ಹಾಯುತ್ತವೆ. ಎರಡು ಕ್ರಾಸ್ ದಾಟಿದ ಕೂಡಲೇ ಸಂಖ್ಯೆ ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಿ. ನೀವು ಸರಿಯಾದ ದಿಕ್ಕಿಗೆ ಹೋಗುತ್ತಿದ್ದೀರಾ ಎಂಬುದು ಅಲ್ಲೇ ಗೊತ್ತಾಗುತ್ತದೆ. ಆದರೆ ‘5ನೇ ಮೇನ್, 3ನೇ ಕ್ರಾಸ್’ ಎನ್ನುವುದು ಹೆಚ್ಚುಕಮ್ಮಿ ಪ್ರತಿ ಬಡಾವಣೆಯಲ್ಲೂ ಇದೆ. ಬ್ಲಾಕ್, ಸ್ಟೇಜ್ ಮತ್ತು ಬಡಾವಣೆಯ ಹೆಸರಿಲ್ಲದೆ ಯಾರಾದರೂ ವಿಳಾಸ ಕೊಟ್ಟರೆ ಹೊರಡಲೇಬೇಡಿ, ಮತ್ತೆ ಕೇಳಿ. ಪಿನ್ ಕೋಡ್‌ನ ಕೊನೆಯ ಅಂಕಿಗಳೂ ಸಹಾಯಕ್ಕೆ ಬರುತ್ತವೆ. 560003 ಎಂದರೆ ಮಲ್ಲೇಶ್ವರ, 560004 ಬಸವನಗುಡಿ, 560040 ವಿಜಯನಗರ.

ಈ ಲೆಕ್ಕ ಕಲಿಯಲು ಮಲ್ಲೇಶ್ವರದ ಸಂಪಿಗೆ ರಸ್ತೆ ಒಳ್ಳೆಯದು. ಅದೇ ಹೆಸರಿನ ಮೆಟ್ರೊ ನಿಲ್ದಾಣದಲ್ಲಿ ಇಳಿದು ಉತ್ತರಕ್ಕೆ ನಡೆಯುತ್ತ ಹೋದರೆ ಕ್ರಾಸ್‌ಗಳ ಸಂಖ್ಯೆ ಏರುತ್ತ ಹೋಗುತ್ತದೆ. ಹೂವು ಹಣ್ಣಿನ 8ನೇ ಕ್ರಾಸ್ ದಾಟಿ 18ನೇ ಕ್ರಾಸ್ ತಲುಪಿದರೆ ಅಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕಚೇರಿ ಇದೆ. ಎಷ್ಟೋ ನೇಮಕಾತಿ ಪರೀಕ್ಷೆಗಳ ಪ್ರಕಟಣೆಯಲ್ಲಿ ಕೆಇಎ ಎಂದು ಓದಿರುತ್ತೀರಲ್ಲ, ಅದೇ. ಪಕ್ಕದ ರಸ್ತೆಗೆ ಬೇವಿನ ಹೆಸರು, ಮತ್ತೊಂದಕ್ಕೆ ತೆಂಗಿನ ಹೆಸರು. ಇಲ್ಲೂ ಮರದ ಲೆಕ್ಕವೇ ಎಂದು ನನಗೆ ಖುಷಿಯಾಗಿತ್ತು.

ಅಂಕಿಗಳ ಜೊತೆ ಒಂದೊಂದು ಗುರುತನ್ನೂ ಇಟ್ಟುಕೊಳ್ಳಿ. ಬೇಗ ಬದಲಾಗದ ಗುರುತು ಬೇಕು: ದೇವಸ್ಥಾನ, ಮಸೀದಿ, ನೀರಿನ ಟ್ಯಾಂಕ್, ಶಾಲೆ, ಹಳೆಯ ಆಲದ ಮರ. ಮೇಲ್ಸೇತುವೆಯ ಮೆಟ್ರೊ ಇರುವ ಕಡೆ ಪ್ರತಿ ಕಂಬದ ಮೇಲೂ ಸಂಖ್ಯೆ ಬರೆದಿರುತ್ತಾರೆ. ‘ಇಂಥ ನಂಬರಿನ ಪಿಲ್ಲರ್ ಎದುರಿಗೆ’ ಎಂದರೆ ಆಟೊದವರಿಗೂ ಗೊತ್ತಾಗುತ್ತದೆ. ಮೊಬೈಲ್ ಅಂಗಡಿ, ಹೋಟೆಲ್‌ಗಳನ್ನು ಗುರುತಾಗಿ ನಂಬಬೇಡಿ, ಆರು ತಿಂಗಳಿಗೆ ಬೋರ್ಡ್ ಬದಲಾಗಿರುತ್ತದೆ.

ಹಳೇ ಪೇಟೆಯಲ್ಲಿ ಒಂದು ಬೆಳಿಗ್ಗೆ

ಬಡಾವಣೆಯ ಲೆಕ್ಕ ಕೈಕೊಡುವ ಜಾಗ ಹಳೇ ಪೇಟೆ. ಅಲ್ಲಿ ಮೇನ್ ಇಲ್ಲ, ಕ್ರಾಸ್ ಇಲ್ಲ, ಕಸುಬಿನ ಹೆಸರುಗಳಿವೆ. 1537ರಲ್ಲಿ ಕೆಂಪೇಗೌಡರು ಕಟ್ಟಿದರೆನ್ನುವ ಪೇಟೆಯಲ್ಲಿ ಅಕ್ಕಿಪೇಟೆ, ರಾಗಿಪೇಟೆ, ಅರಳೇಪೇಟೆ, ಬಳೇಪೇಟೆ, ಕುಂಬಾರಪೇಟೆ, ತಿಗಳರಪೇಟೆ ಎಂದು ಹೆಸರು ಕೇಳಿದರೇ ಯಾರು ಏನು ಮಾಡುತ್ತಿದ್ದರು ಎಂದು ತಿಳಿಯುತ್ತದೆ.

ಪೇಟೆಗೆ ಮಾತ್ರ ವಾರದ ದಿನವೇ ಹೋಗಿ. ಭಾನುವಾರ ಹೆಚ್ಚಿನ ಅಂಗಡಿಗಳ ಬಾಗಿಲು ಹಾಕಿರುತ್ತದೆ. ಕೆ.ಆರ್. ಮಾರ್ಕೆಟ್ ಮೆಟ್ರೊದಲ್ಲಿ ಇಳಿದು, ಮೊದಲು ಹತ್ತಿರದ ಕೋಟೆ ಮತ್ತು ಟಿಪ್ಪು ಬೇಸಿಗೆ ಅರಮನೆ ನೋಡಿ. ಆಮೇಲೆ ಹೂವಿನ ಮಾರುಕಟ್ಟೆ ಹಾದು ಅವೆನ್ಯೂ ರಸ್ತೆ ಹಿಡಿಯಿರಿ. ಇದೇ ಹಳೆಯ ದೊಡ್ಡಪೇಟೆ. ಸ್ಪರ್ಧಾತ್ಮಕ ಪರೀಕ್ಷೆಯ ಹಳೇ ಪುಸ್ತಕ ಅರ್ಧ ಬೆಲೆಗೆ ಬೇಕಿದ್ದರೆ ಈ ರಸ್ತೆಯಲ್ಲಿ ಹುಡುಕಿ. ನೇರ ನಡೆದರೆ ಮೈಸೂರು ಬ್ಯಾಂಕ್ ವೃತ್ತ ಸಿಗುತ್ತದೆ. ಒಂದೂವರೆ ಕಿಲೋಮೀಟರ್ ಒಳಗಿನ ದಾರಿ, ನಿಂತು ನೋಡುತ್ತ ಹೋದರೆ ಎರಡು ಗಂಟೆ ಬೇಕು.

ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಡುವ ಕರಗ ಬೆಳಗಿನವರೆಗೆ ಈ ಪೇಟೆಗಳನ್ನೆಲ್ಲ ಸುತ್ತುತ್ತದೆ. ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗುತ್ತದೆ. ಬೆಂಗಳೂರು ತನ್ನನ್ನು ತಾನೇ ನಡೆದು ನೋಡಿಕೊಳ್ಳುವ ರಾತ್ರಿ ಅದು. ಜೊತೆಗಾರರೊಂದಿಗೆ ಒಮ್ಮೆಯಾದರೂ ಹೋಗಿ.

ಓದುವವರಿಗೆ ಇನ್ನೊಂದು ದಾರಿ: ವಿಧಾನಸೌಧ ಮೆಟ್ರೊದಲ್ಲಿ ಇಳಿದು ಕಬ್ಬನ್ ಪಾರ್ಕ್ ಒಳಗೆ ನಡೆದರೆ ಕೆಂಪು ಬಣ್ಣದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ ಸಿಗುತ್ತದೆ. ಅದೇ ರಾಜ್ಯ ಕೇಂದ್ರ ಗ್ರಂಥಾಲಯ. ಪಿ.ಜಿ.ಯ ಗದ್ದಲದಲ್ಲಿ ಓದಲಾಗದವರು ಈ ಜಾಗವನ್ನು ನೆನಪಿಟ್ಟುಕೊಳ್ಳಿ.

ಯಾರನ್ನು ಕೇಳಬೇಕು, ಹೇಗೆ ಕೇಳಬೇಕು?

ಮೊಬೈಲ್ ಮ್ಯಾಪ್ ಬೇಡವೆಂದು ನಾನು ಹೇಳುವುದಿಲ್ಲ. ಹೊರಡುವ ಮೊದಲು ಆ ಭಾಗದ ಮ್ಯಾಪನ್ನು ಆಫ್‌ಲೈನ್ ಇಳಿಸಿಕೊಳ್ಳಿ, ನೆಟ್‌ವರ್ಕ್ ಇಲ್ಲದಾಗ ಬೇಕಾಗುತ್ತದೆ. ಆದರೆ ನಡೆಯುವಾಗ ಅದು ಜೇಬಿನಲ್ಲೋ ಬ್ಯಾಗಿನಲ್ಲೋ ಇರಲಿ. ಪರದೆ ನೋಡುತ್ತ ನಡೆದವರಿಗೆ ದಾರಿ ನೆನಪಿರುವುದಿಲ್ಲ, ಕಾಲ ಕೆಳಗಿನ ತೆರೆದ ಚರಂಡಿಯೂ ಕಾಣುವುದಿಲ್ಲ.

ಜನರನ್ನು ಕೇಳಿ. ಹಾದುಹೋಗುವವರನ್ನಲ್ಲ, ಒಂದೇ ಜಾಗದಲ್ಲಿ ಕೂತಿರುವವರನ್ನು: ಹೂ ಮಾರುವ ಅಕ್ಕ, ಎಳನೀರಿನ ಅಣ್ಣ, ಮೆಡಿಕಲ್ ಶಾಪ್‌ನವರು, ಟ್ರಾಫಿಕ್ ಪೊಲೀಸರು. ‘ರಾಜಾಜಿನಗರಕ್ಕೆ ಇದೇ ದಾರಿನಾ?’ ಎಂದು ಕೇಳಬೇಡಿ. ಗೊತ್ತಿಲ್ಲದವರೂ ಹೂಂ ಅಂದುಬಿಡುತ್ತಾರೆ. ‘ರಾಜಾಜಿನಗರಕ್ಕೆ ಯಾವ ಕಡೆ ಹೋಗಬೇಕು?’ ಎಂದು ಕೇಳಿದರೆ ಗೊತ್ತಿದ್ದವರು ಮಾತ್ರ ಕೈ ತೋರಿಸುತ್ತಾರೆ. ಇಬ್ಬರು ಒಂದೇ ಉತ್ತರ ಕೊಟ್ಟರೆ ಹೊರಡಿ.

ನಮ್ಮ ಮಾತಿನ ಧಾಟಿಗೆ ಯಾರಾದರೂ ನಗುತ್ತಾರೇನೋ ಎಂಬ ಅಳುಕು ಮಂಡ್ಯ, ಮಳವಳ್ಳಿ ಕಡೆಯ ಎಷ್ಟೋ ಜನರಲ್ಲಿದೆ. ನನ್ನ ಅನುಭವದಲ್ಲಿ ಅದು ಉಪಕಾರಕ್ಕೇ ಬಂದಿದೆ. ಗಾಂಧಿ ಬಜಾರಿನಲ್ಲಿ ಹೂ ಕಟ್ಟುತ್ತಿದ್ದ ಒಬ್ಬರು ನಾನು ಬಾಯಿ ತೆರೆದ ಕೂಡಲೇ ‘ಯಾವೂರವ್ವ, ಮದ್ದೂರ್ ಕಡೇದಾ?’ ಎಂದರು. ದಾರಿಯ ಜೊತೆಗೆ, ಆ ಸುತ್ತಿನಲ್ಲಿ ಯಾವ ಪಿ.ಜಿ.ಯಲ್ಲಿ ನೀರಿಲ್ಲ ಎನ್ನುವುದೂ ಗೊತ್ತಾಯಿತು.

ಚಪ್ಪಲಿ, ನೀರು, ಚಿಲ್ಲರೆ

ಸಣ್ಣ ವಿಷಯಗಳು, ಆದರೆ ಇವಿಲ್ಲದೆ ನಡಿಗೆ ಒಂದೇ ಗಂಟೆಗೆ ಮುಗಿಯುತ್ತದೆ. ಹೊಸ ಚಪ್ಪಲಿ ಬೇಡ, ಹಳಗಿದ ಶೂ ಇರಲಿ. ಒಂದು ಬಾಟಲಿ ನೀರು, ಮಡಚುವ ಕೊಡೆ. ಏಪ್ರಿಲ್–ಮೇ ತಿಂಗಳ ಸಂಜೆಯ ಮಳೆ ಹೇಳಿ ಬರುವುದಿಲ್ಲ. ಬಂದರೆ ಮರದ ಕೆಳಗೆ ನಿಲ್ಲಬೇಡಿ, ನೀರು ತುಂಬಿದ ರಸ್ತೆಯಲ್ಲಿ ಕಾಲಿಡಬೇಡಿ. ಹಣವನ್ನು ಎರಡು ಕಡೆ ಇಟ್ಟುಕೊಳ್ಳಿ. ಫುಟ್‌ಪಾತ್ ಇಲ್ಲದ ಕಡೆ ಎದುರಿನಿಂದ ಬರುವ ವಾಹನ ಕಾಣುವ ಹಾಗೆ ರಸ್ತೆಯ ಬಲಬದಿಯಲ್ಲಿ ನಡೆಯಿರಿ.

ಹೊಟ್ಟೆಗೆ ಹೆಚ್ಚು ಖರ್ಚಿಲ್ಲ. 2017ರಲ್ಲಿ ಶುರುವಾದ ಇಂದಿರಾ ಕ್ಯಾಂಟೀನ್‌ಗಳು ನಗರದ ಬಹಳ ಕಡೆ ಇವೆ, ನಡೆಯುವ ದಾರಿಯಲ್ಲಿ ಎಲ್ಲೆಲ್ಲಿವೆ ಎಂದು ಬರೆದಿಟ್ಟುಕೊಳ್ಳಿ. ಹುಡುಗಿಯರು ಶೌಚಾಲಯದ ಚಿಂತೆಗೆ ನೀರು ಕುಡಿಯದೆ ಹೊರಡುವುದುಂಟು. ಹಾಗೆ ಮಾಡಬೇಡಿ. ದೊಡ್ಡ ಮೆಟ್ರೊ ನಿಲ್ದಾಣ, ಬಸ್ ನಿಲ್ದಾಣ, ಗ್ರಂಥಾಲಯಗಳನ್ನು ದಾರಿಯ ನಡುವೆ ಬರುವಂತೆ ನೋಡಿಕೊಳ್ಳಿ. ಎಲ್ಲಿಗೆ ಹೋಗುತ್ತಿದ್ದೀರಿ ಎಂದು ಒಬ್ಬರಿಗಾದರೂ ಹೇಳಿ ಹೊರಡಿ. 112 ತುರ್ತು ಸಂಖ್ಯೆ ನೆನಪಿರಲಿ.

ಕೆಲಸ ಒಪ್ಪುವ ಮೊದಲು ಒಂದು ಸಂಜೆ

ಇದು ಎಲ್ಲಕ್ಕಿಂತ ಮುಖ್ಯ. ಕಳೆದ ವರ್ಷ ನನಗೆ ಎರಡು ಕಡೆಯಿಂದ ಕರೆ ಬಂದಿತ್ತು. ಒಂದು ಹೊರವರ್ತುಲ ರಸ್ತೆಯ ಆಚೆಗಿನ ಕಂಪನಿ, ತಿಂಗಳಿಗೆ ಎರಡು ಸಾವಿರ ಹೆಚ್ಚು ಸಂಬಳ. ಇನ್ನೊಂದು ರಾಜಾಜಿನಗರದ ಒಂದು ಚಿಕ್ಕ ಕಚೇರಿ. ಎರಡರಲ್ಲೂ ಕೆಲಸ ಮುಗಿಯುವಾಗ ರಾತ್ರಿ ಎಂಟು. ಅಪ್ಪನದು ಒಂದೇ ಪ್ರಶ್ನೆ: ‘ಕತ್ಲಾದ್ ಮ್ಯಾಲೆ ಹೆಂಗ್ ಬತ್ತೀಯವ್ವ?’ ಎರಡೂ ಬೇಡ, ಮದ್ದೂರಲ್ಲೇ ಏನಾದರೂ ನೋಡು ಎನ್ನುವ ಮಟ್ಟಕ್ಕೆ ಮಾತು ಹೋಗಿತ್ತು.

‘ನಂಗೆ ಭಯ ಇಲ್ಲ’ ಎಂದು ವಾದ ಮಾಡಿದ್ದರೆ ಅಪ್ಪ ಕೇಳುತ್ತಿರಲಿಲ್ಲ. ಗೆಳತಿಯನ್ನು ಕರೆದುಕೊಂಡು ಎರಡು ಸಂಜೆ, ಎಂಟು ಗಂಟೆಗೆ ಸರಿಯಾಗಿ, ಎರಡೂ ಕಚೇರಿಗಳಿಂದ ಬಸ್ ಸ್ಟಾಪ್‌ವರೆಗೆ ನಡೆದೆ. ಕಂಡದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದೆ. ಮೊದಲನೆಯ ಕಡೆ ಮ್ಯಾಪ್‌ನಲ್ಲಿ ಹತ್ತು ನಿಮಿಷ ಎಂದಿದ್ದ ದಾರಿಗೆ ಇಪ್ಪತ್ತೆರಡು ನಿಮಿಷ ಬೇಕಾಯಿತು, ಏಕೆಂದರೆ ರಸ್ತೆ ದಾಟಲು ದೂರದ ಸ್ಕೈವಾಕ್‌ವರೆಗೆ ಹೋಗಿ ವಾಪಸ್ ಬರಬೇಕು. ಖಾಲಿ ಸೈಟುಗಳ ಪಕ್ಕ ಬೀದಿದೀಪಗಳು ಉರಿಯುತ್ತಿರಲಿಲ್ಲ. ತೆರೆದ ಅಂಗಡಿ ಒಂದೂ ಇರಲಿಲ್ಲ. ಎರಡನೆಯ ಕಡೆ ಒಂಬತ್ತು ನಿಮಿಷ. ದಾರಿಯಲ್ಲಿ ಬೇಕರಿ, ಎರಡು ಮೆಡಿಕಲ್ ಶಾಪ್, ಒಂದು ದೇವಸ್ಥಾನ, ಹೊರಗೆ ಕುರ್ಚಿ ಹಾಕಿಕೊಂಡು ಕೂತ ಮನೆಯವರು.

ಮುಂದಿನ ವಾರ ಅಪ್ಪನನ್ನೂ ಕರೆಸಿ ರಾಜಾಜಿನಗರದ ದಾರಿಯಲ್ಲಿ ಅದೇ ಹೊತ್ತಿಗೆ ನಡೆಸಿದೆ. ಬೇಕರಿಯಲ್ಲಿ ನಿಂತು ಟೀ ಕುಡಿದು, ‘ಎಷ್ಟ್ ಗಂಟೆಗಂಟ ತಗ್ದಿರ್ತೀರಪ್ಪಾ?’ ಎಂದು ಅವರೇ ವಿಚಾರಿಸಿದರು. ಹತ್ತೂವರೆ ಎಂದು ಉತ್ತರ ಬಂತು. ವಾಪಸ್ ಬಸ್ ಹತ್ತುವಾಗ ಅವರು ಅಂದದ್ದಿಷ್ಟು: ‘ಸೇರ್ಕೊ’. ಎರಡು ಸಾವಿರ ಕಡಿಮೆ ಸಂಬಳದ ಕೆಲಸವನ್ನು ತಿಳಿದೇ ಆರಿಸಿಕೊಂಡೆ. ಆಟೊ ಖರ್ಚು ಲೆಕ್ಕ ಹಾಕಿದರೆ ಅಂಥ ನಷ್ಟವೂ ಆಗಿಲ್ಲ.

ಹಳ್ಳಿಯ ಎಷ್ಟೋ ಹುಡುಗಿಯರು ಕೆಲಸ ಕೈಬಿಡುವುದು ಓದು ಸಾಲದೆ ಅಲ್ಲ, ಆ ಕೊನೆಯ ಒಂದು ಕಿಲೋಮೀಟರ್ ಮನೆಯವರಿಗೆ ಗೊತ್ತಿಲ್ಲದೆ. ಅದನ್ನು ಮೊದಲೇ ನಡೆದು ನೋಡಿ. ಒಳ್ಳೆಯದಿದ್ದರೆ ಮನೆಯವರಿಗೆ ತೋರಿಸಿ. ಕೆಟ್ಟದಿದ್ದರೆ ಸಂಬಳದ ಮಾತಾಡುವಾಗಲೇ ಕಂಪನಿಯವರನ್ನು ವಾಹನದ ವ್ಯವಸ್ಥೆ ಕೇಳಿ. ಹುಡುಗರಿಗೂ ಈ ಮಾತು ಅನ್ವಯಿಸುತ್ತದೆ. ದಿನಕ್ಕೆ ಎರಡೂವರೆ ಗಂಟೆ ದಾರಿಯಲ್ಲೇ ಕಳೆದರೆ ಮುಂದಿನ ಪರೀಕ್ಷೆಗೆ ಓದುವುದು ಯಾವಾಗ? ಪಿ.ಜಿ. ನೋಡುವಾಗಲೂ ಅಡ್ವಾನ್ಸ್ ಕೊಡುವ ಮೊದಲು ಹಗಲೊಮ್ಮೆ, ರಾತ್ರಿಯೊಮ್ಮೆ ಆ ಬೀದಿಯಲ್ಲಿ ನಡೆಯಿರಿ.

ನಡೆಯುವವರ ಪಾಲು

ಹೀಗೆ ನಡೆದಾಗ ಕಣ್ಣಿಗೆ ಹೊಡೆಯುವ ಇನ್ನೊಂದು ಸಂಗತಿ ಇದೆ. ನಗರದ ನಡುವಿನ ಸೇಂಟ್ ಮಾರ್ಕ್ಸ್ ರಸ್ತೆ, ಚರ್ಚ್ ಸ್ಟ್ರೀಟ್‌ನಂಥ ಕಡೆ ಅಗಲವಾದ, ಸಮತಟ್ಟಾದ ಫುಟ್‌ಪಾತ್ ಇದೆ. ನಮ್ಮಂಥವರು ಕೆಲಸಕ್ಕೆ ಹೋಗುವ ಹೊರವಲಯದ ಎಷ್ಟೋ ರಸ್ತೆಗಳಲ್ಲಿ ಫುಟ್‌ಪಾತ್ ಎಂದರೆ ಮುರಿದ ಚಪ್ಪಡಿ, ಟ್ರಾನ್ಸ್‌ಫಾರ್ಮರ್, ನಿಲ್ಲಿಸಿದ ಬೈಕು. ಸಿಗ್ನಲ್ ಬಿದ್ದಾಗ ಅದರ ಮೇಲೇ ಸ್ಕೂಟರ್ ಓಡಿಸುತ್ತಾರೆ, ಅದು ಕಾನೂನಿಗೆ ವಿರುದ್ಧವಾದರೂ. ಗಾಡಿ ಇಲ್ಲದವರು ಈ ನಗರದಲ್ಲಿ ಬಹಳ ಜನ: ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ವಿದ್ಯಾರ್ಥಿಗಳು, ಕೆಲಸ ಹುಡುಕುವವರು. ನಾವೇ ಹೆಚ್ಚು ನಡೆಯುವವರು, ನಮ್ಮ ರಸ್ತೆಗಳೇ ಹೆಚ್ಚು ಕೆಟ್ಟಿರುವುದು. ಇದನ್ನು ಹಣೆಬರಹ ಎಂದು ಸುಮ್ಮನಿರಬಾರದು. ಉರಿಯದ ದೀಪ, ತೆರೆದ ಚರಂಡಿ ಕಂಡರೆ ಫೋಟೊ ತೆಗೆದು, ಕಂಬದ ಸಂಖ್ಯೆ, ಕ್ರಾಸ್, ದಿನಾಂಕ ಬರೆದು ದೂರು ಕೊಡಿ. ‘ರಸ್ತೆ ಸರಿಯಿಲ್ಲ’ ಎಂಬ ದೂರಿಗಿಂತ ‘ಇಂಥ ಕ್ರಾಸ್‌ನಲ್ಲಿ ಮೂರು ದೀಪ ಇಲ್ಲ’ ಎಂಬ ದೂರಿಗೆ ಉತ್ತರ ಸಿಗುವ ಸಾಧ್ಯತೆ ಹೆಚ್ಚು. ಅಷ್ಟು ಖಚಿತವಾಗಿ ಬರೆಯಬಲ್ಲವರು ನಡೆದವರು ಮಾತ್ರ.

ಬೆಂಗಳೂರಿನ ಗೆಳೆಯ ಗೆಳತಿಯರಿಗೂ ಒಂದು ಮಾತು. ನಮ್ಮೂರಿಗೆ ಬಂದಾಗ ಗಾಡಿಯನ್ನು ಊರಾಚೆ ಬಿಟ್ಟು ನಡೆದು ಬನ್ನಿ, ಹಾರ್ನ್ ಬೇಡ, ಗೂಡಿನ ಕೆಳಗೆ ಗದ್ದಲ ಬೇಡ. ನಿಮ್ಮ ಊರಿನಲ್ಲಿ ನಾವು ಕೇಳುವುದೂ ಇಷ್ಟೇ, ನೆಮ್ಮದಿಯಾಗಿ ನಡೆಯಲು ಒಂದಿಷ್ಟು ಜಾಗ.

ಹೊಸದಾಗಿ ಬೆಂಗಳೂರಿಗೆ ಬಂದವರು ಈ ಭಾನುವಾರ ಹೆಚ್ಚೇನೂ ಮಾಡಬೇಕಿಲ್ಲ. ನಿಮ್ಮ ಪಿ.ಜಿ.ಯಿಂದ ಹೊರಟು ಯಾವತ್ತೂ ಹೋಗದ ದಿಕ್ಕಿಗೆ ಒಂದು ಗಂಟೆ ನಡೆದು, ಬೇರೆ ದಾರಿಯಲ್ಲಿ ವಾಪಸ್ ಬನ್ನಿ. ಬಂದ ಮೇಲೆ ಒಂದು ಹಾಳೆಯಲ್ಲಿ ನೆನಪಿದ್ದಷ್ಟು ನಕ್ಷೆ ಬರೆಯಿರಿ. ಮುಂದಿನ ಭಾನುವಾರ ಆ ಹಾಳೆಯಲ್ಲಿ ಖಾಲಿ ಉಳಿದ ಕಡೆಗೆ ಹೊರಡಿ.